ಜಗಲಿಗೆ ಬಂದ ಕಲ್ಲುಕುಟಿಗ

“ಗುರುಗಳೇ, ಅಫೀಮಿನ ಚಟದವನೊಬ್ಬ ನನ್ನ ಬಳಿಗೆ ಮೂರು ಸಲ ಬಂದ. ಮೂರು ಸಲವೂ ಬಿಡಿಸಿದೆ. ಮೂರು ಸಲವೂ ಮತ್ತೆ ಹಿಡಿದ. ಇನ್ನೊಮ್ಮೆ ಬಂದರೆ ಬಾಗಿಲು ಹಾಕಿಕೊಳ್ಳಲೇ?” ಎಂದು ವೈದ್ಯವಿದ್ಯೆ ಕಲಿತ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಬಂಡೆ ಉರುಳಿ ಅವನ ಕಾಲು ಮುರಿಯಿತು. ನೋವು ತಡೆಯಲೆಂದು ಯಾರೋ ಅಫೀಮು ಕೊಟ್ಟರು. ಕಾಲು ಕೂಡಿಕೊಂಡಿತು. ಅಫೀಮು ಬಿಡಲಿಲ್ಲ. ಹೆಂಡತಿ ತವರಿಗೆ ಹೋದಳು. ಜೊತೆಯ ಕೆಲಸಗಾರರು ಅವನ ಪಕ್ಕದಲ್ಲಿ ಬುತ್ತಿ ಬಿಚ್ಚುವುದನ್ನು ಬಿಟ್ಟರು. ಅವನು ಬಾವಿಯ ಕಡೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದುಹೋಗುತ್ತಿದ್ದರು.

ಆ ಊರಿನ ವೈದ್ಯ ಜ್ವರ, ಕೆಮ್ಮು, ಹೊಟ್ಟೆನೋವು ನೋಡುತ್ತಿದ್ದ. ಕಲ್ಲುಕುಟಿಗ ಹೋಗಿ ಕೇಳಿದಾಗ, “ಇದು ನನ್ನ ಕೈಲಾಗುವ ಕೆಲಸವಲ್ಲ. ಪಟ್ಟಣದಲ್ಲಿ ದೊಡ್ಡ ವೈದ್ಯರಿದ್ದಾರೆ” ಎಂದು ಕಳುಹಿಸಿದ. ಅವನು ನಾಲ್ಕು ದಿನ ನಡೆದು ಹೋದ. ಅಲ್ಲಿ ನಲವತ್ತು ದಿನ ಇದ್ದು, ಅಫೀಮು ಬಿಟ್ಟು ಬಂದ. ಊರಿಗೆ ಬಂದರೆ ಮನೆ ಖಾಲಿ. ಮಾತಾಡಿಸುವವರಿಲ್ಲ. ತಿಂಗಳು ತುಂಬುವುದರೊಳಗೆ ಮತ್ತೆ ಹಿಡಿದ. ಮರುವರ್ಷ ಮತ್ತೆ ಹೋದ, ಬಿಟ್ಟ, ಬಂದ, ಹಿಡಿದ.

ಮೂರನೆಯ ಸಲ ಅವನು ಪಟ್ಟಣಕ್ಕೆ ಹೋಗಲಿಲ್ಲ. ಊರ ವೈದ್ಯನ ಜಗಲಿಗೆ ಬಂದು ಕೆಮ್ಮಿನವರ, ಜ್ವರದವರ ನಡುವೆ ಕುಳಿತ. ಅವರು ಎದ್ದು ಆಚೆ ಹೋಗಿ ಕುಳಿತರು.

“ಇಲ್ಲಿಗೇಕೆ ಬಂದೆಯಪ್ಪಾ? ನನಗಿಂತ ತಿಳಿದವರು ಅಲ್ಲಿದ್ದಾರಲ್ಲ” ಎಂದ ವೈದ್ಯ.

“ಅಲ್ಲಿ ಬಿಡುವುದು ಸುಲಭ ಸ್ವಾಮಿ. ಇಲ್ಲಿಗೆ ಬಂದು ಒಬ್ಬನೇ ಇರುವುದು ಕಷ್ಟ.”

ಮರುದಿನ ವೈದ್ಯ ತಾನೇ ಪಟ್ಟಣಕ್ಕೆ ಹೊರಟ. ದೊಡ್ಡ ವೈದ್ಯರ ಮುಂದೆ ಕುಳಿತು ಔಷಧದ ಅಳತೆ ಕಲಿತು ಬಂದ. ಅಂದಿನಿಂದ ಕಲ್ಲುಕುಟಿಗ ದಿನವೂ ಬೆಳಿಗ್ಗೆ ಬರಬೇಕು, ವೈದ್ಯ ತನ್ನ ಕೈಯಿಂದಲೇ ಅಫೀಮಿನ ಬದಲು ಒಂದು ಗುಳಿಗೆ ಕೊಡಬೇಕು ಎಂದಾಯಿತು. ದಿನ ಕಳೆದಂತೆ ಗುಳಿಗೆ ಸಣ್ಣದಾಗುತ್ತಾ ಬಂತು. ವೈದ್ಯ ಊರಿನ ಸೂಲಗಿತ್ತಿ ಸಾವಂತ್ರವ್ವನನ್ನೂ ಕರೆದು, “ನೀನು ಮನೆಮನೆಗೆ ಹೋಗುವವಳು. ಅವನ ಮನೆಗೂ ಹೋಗಿ ಬಾರವ್ವ” ಎಂದ. ಅವಳು ಹೋಗಿ ಹೊಸ್ತಿಲ ಬಳಿ ಕುಳಿತು ಕುಡಿಯಲು ನೀರು ಕೇಳಿದಳು. ಆ ಮನೆಯಲ್ಲಿ ಯಾರಾದರೂ ನೀರು ಕೇಳಿ ಮೂರು ವರ್ಷವಾಗಿತ್ತು. ತಂಬಿಗೆ ತೊಳೆಯಲು ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಮೂರು ದಿನ ಅವನು ಜಗಲಿಯಲ್ಲಿ ಕಾಣಲಿಲ್ಲ. “ಅವನ ಹಣೆಬರಹ, ಬಿಟ್ಟುಬಿಡಿ” ಎಂದರು ಜಗಲಿಯಲ್ಲಿದ್ದವರು. ವೈದ್ಯ ಬಾಗಿಲು ಮುಂದಕ್ಕೆಳೆದು ಸಾವಂತ್ರವ್ವನ ಜೊತೆ ಹುಡುಕಲು ಹೋದ. ಕಲ್ಲುಗಣಿಯ ಮೂಲೆಯಲ್ಲಿ ಅವನು ಮುದುರಿ ಕುಳಿತಿದ್ದ. ಇವರನ್ನು ಕಂಡು ಮುಖ ತಿರುಗಿಸಿದ.

“ಮಾರೆಪ್ಪಾ, ಮೂರು ದಿನ ಬರಲಿಲ್ಲ. ಇವತ್ತು ಬಾ” ಎಂದಳು ಅವಳು.

“ಮತ್ತೆ ತಿಂದೆ ಅವ್ವಾ.”

“ತಿಂದರೂ ಬಾ.”

ಅವನು ಎದ್ದ. ಕುಂಟುತ್ತಾ, ಅವರಿಂದ ಹತ್ತು ಹೆಜ್ಜೆ ಹಿಂದೆಯೇ ಉಳಿದು ನಡೆದು ಬಂದ. ವೈದ್ಯ ಬೈಯಲಿಲ್ಲ. ಗುಳಿಗೆಯನ್ನು ಮತ್ತೆ ಮೊದಲಿನ ಗಾತ್ರದಿಂದ ಕೊಡಲು ಶುರುಮಾಡಿದ.

ಎರಡು ವರ್ಷ ಹಿಡಿಯಿತು. ಅಫೀಮು ಹೋಯಿತು. ಹೆಂಡತಿ ಬರಲಿಲ್ಲ. ಗಣಿಯಲ್ಲಿ ಅವನು ಆಗಲೂ ಒಬ್ಬನೇ ಉಣ್ಣುತ್ತಿದ್ದ. ಕೊನೆಯ ಗುಳಿಗೆ ತೆಗೆದುಕೊಂಡ ಮರುದಿನವೂ ಬೆಳಿಗ್ಗೆ ಬಂದು ಜಗಲಿಯಲ್ಲಿ ಕುಳಿತ.

“ಏನಾಗಿದೆ?” ಎಂದು ವೈದ್ಯ ಕೇಳಿದ.

“ಏನೂ ಇಲ್ಲ ಸ್ವಾಮಿ.”

ವೈದ್ಯ ತಲೆಯಾಡಿಸಿ ಪಕ್ಕದವನ ನಾಡಿ ಹಿಡಿದ. ಬಿಸಿಲೇರುವವರೆಗೂ ಕುಳಿತಿದ್ದು ಕಲ್ಲುಕುಟಿಗ ಕೆಲಸಕ್ಕೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

“ತಿಳಿಯಿತು ಗುರುಗಳೇ. ಇನ್ನೊಮ್ಮೆ ಬಂದರೆ ಬಾಗಿಲು ತೆರೆಯುತ್ತೇನೆ. ಗುಳಿಗೆಯನ್ನೂ ಅಳೆದು ಕೊಡುತ್ತೇನೆ” ಎಂದ ಶಿಷ್ಯ.

ಗುರುಗಳು ಕೇಳಿದರು: “ಅವನು ಬಾರದ ದಿನ ಹುಡುಕಿಕೊಂಡು ಹೋಗಬೇಕಲ್ಲ, ಅವನ ಮನೆ ಎಲ್ಲಿದೆ?”