ಎಕ್ಕದ ಗಿಡದ ಚಿಟ್ಟೆ

ಮಕ್ಕಳೇ, ದೊಡ್ಡ ಮರಗಳಿಲ್ಲದ ಕಡೆಯೂ ದೇವರು ತನ್ನವರಿಗೆ ನೆರಳು ಇಟ್ಟಿರುತ್ತಾನೆ. ಅಂಥದೊಂದು ಕುರುಚಲು ಬಯಲಿನಲ್ಲಿ ಕೃಷ್ಣಮೃಗಗಳು, ಮೊಲಗಳು, ಕೌಜುಗ ಹಕ್ಕಿಗಳು ನೆರೆಹೊರೆಯವರಾಗಿ ಬಾಳುತ್ತಿದ್ದವು.

ಬೇಸಿಗೆ ಕಾಲಿಟ್ಟೊಡನೆ ಅಲ್ಲಿ ಎಲ್ಲರೂ ಚಿಟ್ಟೆ ಹುಡುಕುವುದು ಪದ್ಧತಿ. ಚಿಟ್ಟೆ ಕಂಡರೆ ಬಯಲಿನಲ್ಲಿ ಇನ್ನೂ ಹಸಿರಿದೆ ಎಂದರ್ಥ. ಕಾಣದಿದ್ದರೆ ಗುಡ್ಡದಾಚೆಗೆ ವಲಸೆ.

ಆ ವರ್ಷ ಒಂದೂ ಕಾಣಲಿಲ್ಲ. "ನಾಳೆ ಸೂರ್ಯ ನೆತ್ತಿಗೆ ಬರುವವರೆಗೆ ನೋಡೋಣ. ಆಮೇಲೆ ಹೊರಡೋದೇ" ಎಂದ, ಕೃಷ್ಣಮೃಗಗಳ ಹಿರಿಯ ಸುರುಳಿಕೊಂಬಿನಜ್ಜ.

ಕೌಜುಗ ಗೌರಕ್ಕನಿಗೆ ಚಿಂತೆ ಹತ್ತಿತು. ಎಕ್ಕದ ಗಿಡದ ಬುಡದಲ್ಲಿ ಅವಳು ಮೊಟ್ಟೆಗಳಿಗೆ ಕಾವು ಕೊಡುತ್ತ ಕೂತಿದ್ದಳು, ಬಿಟ್ಟೇಳುವಂತಿರಲಿಲ್ಲ. ಹಿಂಡು ಹೋದರೆ ನರಿಗೆ ಇನ್ನಾರ ಭಯ?

"ಹೆದರಬೇಡಕ್ಕಾ, ನಾನಿದ್ದೀನಿ!" ಎಂದ ಮೊಲ ಚಿಮ್ಮಣ್ಣ.

ಬೆಳಗಾದದ್ದೇ ಅವನು ಪೊದೆಪೊದೆಗೆ ನುಗ್ಗಿದ. ಒಣ ಎಲೆ ಹಾರಿದರೂ "ಚಿಟ್ಟೆ! ಚಿಟ್ಟೆ!" ಎಂದು ಕೂಗಿದ. ಪಾಪ, ಅಜ್ಜ ಪ್ರತಿ ಸಲವೂ ಏದುಸಿರು ಬಿಡುತ್ತ ಓಡಿ ಬಂದ. ಕೊನೆಗೆ, "ಇನ್ನು ಚಿಟ್ಟೆಯೇ ನನ್ನ ಮೂಗಿನ ಮುಂದೆ ಹಾರಬೇಕು. ನಿನ್ನ ಮಾತು ನಂಬೋನಲ್ಲ" ಎಂದು ಸಿಡುಕಿ ಹೋದ.

ಚಿಮ್ಮಣ್ಣ ಸುಸ್ತಾಗಿ ಎಕ್ಕದ ಕೆಳಗೆ ಬಿದ್ದ.

"ನಿನ್ನ ಗದ್ದಲಕ್ಕೆ ಕಲ್ಲೂ ಎದ್ದು ಓಡೀತು ಕಣೋ. ಒಂದು ಗಳಿಗೆ ಸುಮ್ಮನೆ ಕೂತ್ಕೋ" ಎಂದಳು ಗೌರಕ್ಕ.

ಕೂತ ಮೇಲೆ ಕಂಡಿತು. ಎಲೆಯಡಿ ತೂಗುತ್ತಿದ್ದ ಪುಟ್ಟ ಗೂಡು ಬಿರಿದು, ಮುದುಡಿದ ಒದ್ದೆ ರೆಕ್ಕೆಯ ಚಿಟ್ಟೆಯೊಂದು ಹೊರಬರುತ್ತಿತ್ತು!

"ಸಿಕ್ತು! ಅಜ್ಜನ ಹತ್ತಿರ ಒಯ್ತೀನಿ!"

"ಮುಟ್ಟಬೇಡ! ಹಸಿ ರೆಕ್ಕೆ, ಹರಿದುಹೋಗುತ್ತೆ."

"ಆದರೆ ಸೂರ್ಯ ನೆತ್ತಿಗೆ ಬಂದ, ಅವರೆಲ್ಲ ಹೊರಟರಲ್ಲಕ್ಕಾ! ನಿನ್ನ ಮೊಟ್ಟೆಗಳು?"

ಗೌರಕ್ಕನ ಕಣ್ಣು ತುಂಬಿತು. "ನನ್ನ ಮಕ್ಕಳಿಗೋಸ್ಕರ ಇದರ ಬಾಳು ಮುರಿಯೋದಾ? ಬೇಡಪ್ಪಾ. ರೆಕ್ಕೆ ಕೊಟ್ಟವನಿಗೆ ಹೊತ್ತೂ ಗೊತ್ತು."

ಹಿಂಡಿನ ಧೂಳು ಮೇಲೇಳುತ್ತಿತ್ತು. ಚಿಮ್ಮಣ್ಣ ಪಾದಗಳನ್ನು ಎದೆಗೊತ್ತಿಕೊಂಡು, ಜೀವಮಾನದಲ್ಲೇ ಮೊದಲ ಬಾರಿಗೆ ಕದಲದೆ ಕೂತ. "ದೇವರೇ, ದೇವರೇ" ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಬಿಸಿಲಿಗೆ ರೆಕ್ಕೆಗಳು ಬಿಚ್ಚಿದವು, ಒಣಗಿದವು, ಒಮ್ಮೆ ಬಡಿದವು. ಕಿತ್ತಳೆ ಬಣ್ಣದ ಚಿಟ್ಟೆ ಮೇಲೆದ್ದು, ಗಾಳಿಯಲ್ಲಿ ತೇಲುತ್ತ, ಹಿಂಡನ್ನು ದಾಟಿ ಅಜ್ಜನ ಮೂಗಿನ ಮುಂದೆಯೇ ಸುಳಿಯಿತು!

ಅಜ್ಜ ಗಕ್ಕನೆ ನಿಂತ. "ಇದು ಎಲೆಯಲ್ಲ ಕಣ್ರೋ! ತಿರುಗ್ರೋ, ಮನೆಗೆ ತಿರುಗ್ರೋ!"

ಇಡೀ ಹಿಂಡು ನೆಗೆನೆಗೆದು ಬಯಲು ತುಂಬಿತು. ಪೊದೆಯಲ್ಲಿ ಹೊಂಚುತ್ತಿದ್ದ ನರಿ ಬಾಲ ಮಡಚಿ ಓಟ ಕಿತ್ತಿತು. ಗೌರಕ್ಕ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ, "ಓಡಿ ಗೆಲ್ಲೋರನ್ನ ಕಂಡಿದ್ದೆ, ನೀನು ಕೂತು ಗೆದ್ದೆಯಲ್ಲೋ!" ಎಂದು ನಕ್ಕಳು.

ನೀತಿ: ದುಡುಕಿ ಹಿಡಿದದ್ದು ಹರಿಯುತ್ತದೆ, ದೇವರನ್ನು ನಂಬಿ ತಾಳಿದವನಿಗೆ ಒಳಿತು ತಾನಾಗಿ ಒಲಿಯುತ್ತದೆ.