ಕೇಳಿಸಿದ್ದು ಮತ್ತು ಕೇಳಿದ್ದು

"ಗುರುಗಳೇ, ಇಂಗ್ಲಿಷಿನಲ್ಲಿ ‘ಹಿಯರ್’ ಎಂದು ಒಂದು ಕ್ರಿಯಾಪದ, ‘ಲಿಸನ್’ ಎಂದು ಇನ್ನೊಂದು. ನಾವು ಎರಡಕ್ಕೂ ‘ಕೇಳು’ ಎಂದುಬಿಡುತ್ತೇವೆ. ಇವುಗಳ ಭೇದವೇನು?" ಎಂದು ಮಠದ ಪಾಠಶಾಲೆಯ ಚನ್ನವೀರ ಕೇಳಿದ.

"ನಿಘಂಟಿನಲ್ಲಿ ನೋಡಲಿಲ್ಲವೆ?" ಎಂದರು ಗುರುಗಳು.

"ನೋಡಿದೆ. ಸದ್ದು ತಾನಾಗಿ ಕಿವಿಗೆ ಬಿದ್ದರೆ ಹಿಯರ್, ನಾವಾಗಿ ಕಿವಿಗೊಟ್ಟರೆ ಲಿಸನ್ ಎಂದಿದೆ. ಆದರೆ ಕಿವಿಗೆ ಬೀಳದೆ ಕಿವಿಗೊಡುವುದು ಹೇಗೆ? ಮೊದಲನೆಯದು ಇಲ್ಲದೆ ಎರಡನೆಯದು ಇರಲಾರದಲ್ಲ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಬಾಣಂತಿಯಾಗಿದ್ದಾಗ ಜ್ವರ ಹಿಡಿದು ಮಲಗಿದಳು. ಜ್ವರ ಬಿಟ್ಟಿತು, ಹೋಗುವಾಗ ಅವಳ ಕಿವಿಗಳನ್ನು ಕೊಂಡೊಯ್ದಿತು. ಪಕ್ಕದಲ್ಲಿ ಸಿಡಿಲು ಬಿದ್ದರೂ ತಿಳಿಯದಂತಾಯಿತು.

ಅತ್ತೆ ಕೆಟ್ಟವಳಲ್ಲ. ಆದರೆ ಅವಳನ್ನು ಒಂದು ಭಯ ಹಿಡಿಯಿತು. ಮಗನನ್ನು ಕರೆದು ಹೇಳಿದಳು:

"ಎಳೆ ಮಕ್ಕಳಿಗೆ ಅಳುವೊಂದೇ ಮಾತು ಕಣಪ್ಪ. ಅದೇ ಇವಳಿಗೆ ಮುಟ್ಟುವುದಿಲ್ಲ. ಚೇಳು ಕಡಿದರೆ ಗತಿಯೇನು? ಅನ್ನ ಉಣ್ಣತೊಡಗಿದ ಮೇಲೆ, ನಾಲ್ಕು ಮಾತು ಬರುವ ತನಕ ಮಗು ನಿನ್ನ ಅಕ್ಕನ ಮನೆಯಲ್ಲಿ ಬೆಳೆಯಲಿ."

ನೇಕಾರ ಒಪ್ಪಿದ. ಅವನು ಹೆಂಡತಿಗೆ ಮಗುವನ್ನು ತೋರಿಸಿದ, ಅಕ್ಕನ ಊರಿನ ದಾರಿಯನ್ನು ತೋರಿಸಿದ. ಅವಳಿಗೆ ಅರ್ಥವಾಯಿತು.

ಅವಳು ವಾದಿಸಲಿಲ್ಲ. ಕಿವಿ ಹೋದಂದಿನಿಂದ ಮಾಡುತ್ತಿದ್ದುದನ್ನೇ ಮಾಡುತ್ತ ಹೋದಳು. ಮಗ್ಗದ ಕೋಣೆಯಲ್ಲಿ ರಾಟೆಯ ಮುಂದೆ ಕೂರುವಾಗ, ಪಡಸಾಲೆಯ ತೊಟ್ಟಿಲಿನಿಂದ ಒಂದೆಳೆ ನೂಲನ್ನು ತಂದು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಳ್ಳುತ್ತಿದ್ದಳು. ಮಗು ಮಗ್ಗುಲಾದದ್ದು, ಹಸಿದು ಅತ್ತದ್ದು, ಸುಮ್ಮನೆ ಹಟ ಮಾಡಿದ್ದು ಎಲ್ಲವೂ ಆ ನೂಲಿನ ಮೇಲೆ ನಡೆದು ಬೆರಳಿಗೆ ಬರುತ್ತಿದ್ದವು. ಅತ್ತೆಗೆ ಅದು ಹುಚ್ಚಾಟವೆನಿಸಿತು.

ಮಗು ಅಂಬೆಗಾಲಿಡುವ ಹೊತ್ತಿಗೆ ನೇಕಾರನ ಅಕ್ಕ ಅದನ್ನು ಕರೆದೊಯ್ಯಲು ಬಂದಳು. ಬಟ್ಟೆಯ ಗಂಟು ಸಿದ್ಧವಾಯಿತು. ಸೊಸೆ ಅಂದೂ ಬೆರಳಿಗೆ ನೂಲು ಕಟ್ಟಿಕೊಂಡಳು. ಇಂದೊಂದು ದಿನ ಇರಲಿ ಎಂದು ಅತ್ತೆ ಸುಮ್ಮನಾದಳು.

ಊಟವಾದ ಮೇಲೆ ಅತ್ತೆ, ನೇಕಾರ, ಅವನ ಅಕ್ಕ ಮೂವರೂ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಗು ಅಲ್ಲೇ ಹರಿದಾಡುತ್ತಿತ್ತು. ಅದು ಕಣ್ಣುಜ್ಜತೊಡಗಿದಾಗ ನೇಕಾರನ ಅಕ್ಕ ಎತ್ತಿ ತೊಟ್ಟಿಲಿಗೆ ಹಾಕಿದಳು. ಅದರ ಮುಷ್ಟಿಯಲ್ಲಿ ಒಂದು ಹುಣಸೆ ಬೀಜವಿದ್ದುದನ್ನು ಯಾರೂ ನೋಡಲಿಲ್ಲ.

ತೊಟ್ಟಿಲು ನಿಶ್ಶಬ್ದವಾಯಿತು.

"ನೋಡವ್ವ, ನನ್ನ ಕೈಗೆ ಎಷ್ಟು ಬೇಗ ಒಗ್ಗಿತು" ಎಂದಳು ಅಕ್ಕ. ಮೂವರಿಗೂ ಸಮಾಧಾನವಾಯಿತು.

ಬೀಜ ಗಂಟಲಿಗೆ ಸಿಕ್ಕಿತ್ತು. ಉಸಿರು ಕಟ್ಟಿದ ಮಗು ಅಳಲಾರದು.

ಒಳಗೆ ರಾಟೆ ನಿಂತಿತು. ನಿದ್ದೆಹೋದ ಮಗುವಿನ ನೂಲು ಹೇಗಿರುತ್ತದೆಂದು ಆ ತಾಯಿಗೆ ಗೊತ್ತಿತ್ತು. ಇದು ಅದಲ್ಲ. ಹಸಿವಿನದಲ್ಲ, ಹಟದ್ದೂ ಅಲ್ಲ. ಇಂಥ ನೂಲನ್ನು ಅವಳ ಬೆರಳು ಎಂದೂ ಕಂಡಿರಲಿಲ್ಲ. ಅವಳು ಎದ್ದು ಓಡಿದಳು. ನೂಲು ಹರಿಯಿತು.

"ಎಬ್ಬಿಸಬೇಡ, ಈಗ ತಾನೆ ಮಲಗಿದೆ!" ಎಂದು ಅಕ್ಕ ಕೂಗಿದಳು. ಆ ಕೂಗು ಅವಳಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಒಂದು ಗಳಿಗೆ ನಿಲ್ಲುತ್ತಿದ್ದಳೇನೋ.

ಮಗುವಿನ ಮುಖ ನೀಲಿಯಾಗಿತ್ತು. ಅವಳು ಅದನ್ನು ಮುಂಗೈ ಮೇಲೆ ಬೋರಲಾಗಿಸಿ, ತಲೆ ತಗ್ಗಿಸಿ, ಬೆನ್ನಿಗೆ ಗುದ್ದಿದಳು. ಮತ್ತೆ ಗುದ್ದಿದಳು. ಬೀಜ ನೆಲಕ್ಕೆ ಬಿತ್ತು.

ಮಗು ಅತ್ತಿತು. ಮನೆಯೆಲ್ಲ ತುಂಬುವಂತೆ ಅತ್ತಿತು. ಅದು ಅಳುತ್ತಿದೆ ಎಂದು ತಿಳಿಯದವಳು ಆ ಮನೆಯಲ್ಲಿ ಒಬ್ಬಳೇ. ಅವಳು ಎಲ್ಲರ ಮುಖ ನೋಡಿದಳು. ಯಾವ ಮುಖವನ್ನೂ ನಂಬಲಿಲ್ಲ. ಮಗುವಿನ ಬೆನ್ನಿಗೆ ಅಂಗೈ ಒತ್ತಿ ಹಿಡಿದಳು. ಅಳು ನಡುಗುತ್ತ ಅಂಗೈಗೆ ಬಂತು. ಆಗ ಅವಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

ಅತ್ತೆ ಹತ್ತಿರ ಬಂದು ಕೂತಳು. ಹರಿದ ನೂಲಿನ ಎರಡು ತುದಿಗಳನ್ನು ಹುಡುಕಿ ಗಂಟು ಹಾಕಿದಳು. ಸೊಸೆಯ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಸಡಿಲವಾಗಿದ್ದ ನೂಲನ್ನು ಹೆಬ್ಬೆರಳಿಗೆ ತಾನೇ ಬಿಗಿದು ಕಟ್ಟಿದಳು. ಹಿರಿಯಳು ಸೊಸೆಯ ಪಾದ ಮುಟ್ಟಿದ್ದು ಆ ಮನೆಯಲ್ಲಿ ಅದೇ ಮೊದಲು. ಯಾರೂ ತಡೆಯಲಿಲ್ಲ. ಸಂಜೆಗೆ ನೇಕಾರನ ಅಕ್ಕ ಒಬ್ಬಳೇ ತನ್ನ ಊರಿಗೆ ಹೊರಟಳು.

ಗುರುಗಳು ಕತೆ ನಿಲ್ಲಿಸಿದರು.

"ಗುರುಗಳೇ, ಕಿವಿಯಿದ್ದ ಮೂವರು ತೊಟ್ಟಿಲ ಬಳಿಯಲ್ಲೇ ಇದ್ದರು. ಅವರಿಗೂ ಮಗುವಿನ ಮೇಲೆ ಪ್ರೀತಿಯಿತ್ತು. ಎಚ್ಚರವಾಗಿಯೂ ಇದ್ದರು. ಆದರೂ ಅವರಿಗೇಕೆ ತಿಳಿಯಲಿಲ್ಲ?" ಎಂದು ಚನ್ನವೀರ ಕೇಳಿದ.

"ಅವರು ಕಿವಿಗೊಟ್ಟಿದ್ದು ಅಳುವಿಗೆ, ಅವಳು ಕಿವಿಗೊಟ್ಟಿದ್ದು ಮಗುವಿಗೆ."