ಅಂಗಡಿಯ ಮೆಟ್ಟಿಲ ಮೇಲೆ ಕುಳಿತ ರೈತ

"ಗುರುಗಳೇ, ಮೋಸಹೋದವನು ತನ್ನ ಸಿಟ್ಟನ್ನು ನುಂಗಿಕೊಳ್ಳಬೇಕೇ?" ಎಂದು ಶಿಷ್ಯ ಪರ್ವತಯ್ಯ ಕೇಳಿದ.

ಮಠದ ತೋಟಕ್ಕೆ ಅವನು ತಂದಿದ್ದ ಅವರೆಬೀಜ ಒಂದೂ ಮೊಳೆತಿರಲಿಲ್ಲ. ವಿಚಾರಿಸಲು ಹೋದರೆ ಬೀಜ ಮಾರಿದವನು ನಕ್ಕು ಕಳಿಸಿದ್ದ. ಹಿಂತಿರುಗಿ ಬಂದ ಪರ್ವತಯ್ಯ ಊಟಕ್ಕೂ ಎದ್ದಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಂದು ಹಳ್ಳದ ದಂಡೆಯಲ್ಲಿ ಒಬ್ಬ ರೈತನಿದ್ದ. ಹಳ್ಳದ ಆಚೆ ಆರು ಮನೆಗಳಿದ್ದವು. ಮಳೆ ಹಿಡಿದರೆ ಆ ಮನೆಗಳಿಗೆ ದಾರಿ ಇರುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ರೈತನ ಹೊಲದ ಬದುವಿನ ದೊಡ್ಡ ಮತ್ತಿಮರ ಗಾಳಿಗೆ ಉರುಳಿತು. ಅವನು ಆಚೆ ದಂಡೆಯವರನ್ನು ಕರೆದು, "ಕೊಂಬೆ ನನ್ನ ಒಲೆಗಿರಲಿ. ಬೊಡ್ಡೆಯನ್ನು ಸೀಳಿ ಹಲಗೆ ಮಾಡಿಕೊಡುತ್ತೇನೆ. ಮಳೆಗೆ ಮುಂಚೆ ಹಳ್ಳಕ್ಕೆ ಕಾಲುಸೇತುವೆ ಹಾಕೋಣ" ಎಂದ. ಮಾತು ಕೊಟ್ಟ ಮರುದಿನವೇ ಪೇಟೆಗೆ ಹೋದ.

ಮರ ಕೊಯ್ಯುವ ಯಂತ್ರಗಳ ವ್ಯಾಪಾರಿಯ ಮುಂದೆ ನಿಂತು ತನ್ನ ಕೆಲಸವನ್ನು ಬಿಡಿಸಿ ಹೇಳಿದ. ಕೊಂಬೆಗಳನ್ನು ಅಡ್ಡಕ್ಕೆ ತುಂಡರಿಸಿ ಸೌದೆ ಮಾಡಬೇಕು, ಬೊಡ್ಡೆಯನ್ನು ಉದ್ದಕ್ಕೆ ಸೀಳಿ ಹಲಗೆ ತೆಗೆಯಬೇಕು. ವ್ಯಾಪಾರಿ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮಾರಾಟವಾಗದೆ ಮೂಲೆಯಲ್ಲಿ ಉಳಿದಿದ್ದ ಸಣ್ಣ ಚೈನ್‌ಸಾ ಒಂದರ ಧೂಳು ಒರೆಸಿ ಮುಂದಿಟ್ಟು, "ಎರಡಕ್ಕೂ ಇದೇ ಸಾಕು" ಎಂದ. ರೈತ ನಂಬಿದ.

ಕೊಂಬೆಗಳು ಬಾಳೆದಿಂಡಿನಂತೆ ತುಂಡಾದವು. ರೈತನಿಗೆ ಸಂತೋಷವಾಯಿತು. ಬೊಡ್ಡೆಗೆ ಉದ್ದಕ್ಕೆ ಹಚ್ಚಿದಾಗ ಯಂತ್ರ ಏದುಸಿರು ಬಿಟ್ಟಿತು. ಮೊದಲ ಹಲಗೆ ಮುಗಿಯುವಷ್ಟರಲ್ಲಿ ಅಲಗಿನಿಂದ ಹೊಗೆ ಬಂತು. ಎರಡನೆಯದರ ನಡುವೆ ಯಂತ್ರ ಕಚ್ಚಿಕೊಂಡು ನಿಂತಿತು. ಚಾಲೂ ಮಾಡುವ ಹಗ್ಗವನ್ನು ಎಷ್ಟು ಎಳೆದರೂ ಮತ್ತೆ ಹೊರಡಲಿಲ್ಲ.

ಆ ವಾರವೇ ಮಳೆ ಬಂತು. ಆಚೆ ಮನೆಯ ಗರ್ಭಿಣಿಯೊಬ್ಬಳಿಗೆ ನೋವು ಶುರುವಾಯಿತು. ನಾಲ್ವರು ಅವಳನ್ನು ಮಂಚದ ಮೇಲೆ ಮಲಗಿಸಿ ಎದೆಮಟ್ಟದ ನೀರಿನಲ್ಲಿ ಈಚೆ ದಂಡೆಗೆ ದಾಟಿಸಿದರು. ಮಂಚದ ಒಂದು ಕಾಲು ರೈತನ ಹೆಗಲ ಮೇಲಿತ್ತು. ನಡುನೀರಿನಲ್ಲಿ ಅವನ ಪಾದ ಜಾರಿ ಮಂಚ ವಾಲಿತು. ಅವಳು ಕೂಗಲಿಲ್ಲ, ಅವನ ತಲೆಗೂದಲನ್ನು ಬಿಗಿಯಾಗಿ ಹಿಡಿದುಕೊಂಡಳು. ತಾಯಿ ಉಳಿದಳು, ಮಗು ಉಳಿಯಿತು.

ಮೂರನೆಯ ದಿನ ರೈತ ಯಂತ್ರವನ್ನು ಗೋಣಿಯಲ್ಲಿ ಸುತ್ತಿಕೊಂಡು ಪೇಟೆಗೆ ಹೋದ. ಮೊದಲು ಒಬ್ಬ ಮೆಕ್ಯಾನಿಕ್ಕನಿಗೆ ತೋರಿಸಿದ. ಅವನು ಬಿಚ್ಚಿ ನೋಡಿ, "ಒಳಗೆಲ್ಲ ಸುಟ್ಟಿದೆ ಯಜಮಾನರೇ. ಸೌದೆ ಕೊಯ್ಯುವುದು ಗಳಿಗೆಯ ಕೆಲಸ, ಅದಕ್ಕೆ ಹಗುರವಾದ ಯಂತ್ರ ಸಾಕು. ಹಲಗೆ ಸೀಳುವಾಗ ಯಂತ್ರ ಬಿಡುವಿಲ್ಲದೆ ದುಡಿಯುತ್ತದೆ. ಅದಕ್ಕೆ ದೊಡ್ಡ ಎಂಜಿನ್ ಬೇಕು, ಉದ್ದದ ಅಲಗು ಬೇಕು, ಚೈನಿನ ಹಲ್ಲನ್ನೂ ಬೇರೆ ರೀತಿ ಮಸೆದಿರಬೇಕು. ಆ ಅಂಗಡಿಯಿಂದ ಹೀಗೆ ಸುಟ್ಟು ಬಂದದ್ದು ಇದು ನಾಲ್ಕನೆಯದು" ಎಂದ.

ನಾಲ್ಕನೆಯದು ಎಂಬ ಮಾತು ಕೇಳಿ ರೈತನ ಸಿಟ್ಟು ನೆತ್ತಿಗೇರಿತು. ಅವನು ಅಂಗಡಿಗೆ ನುಗ್ಗಿದ. ವ್ಯಾಪಾರಿ ಗೋಣಿಯನ್ನು ನೋಡಿಯೇ, "ಇದು ಸೌದೆಯ ಯಂತ್ರ. ಇದರಲ್ಲಿ ಹಲಗೆ ಸೀಳಲು ಯಾರು ಹೇಳಿದರು?" ಎಂದ.

"ನೀವೇ ಹೇಳಿದಿರಿ, ಸಾವ್ಕಾರರೇ."

"ನಾನು ಬರೆದುಕೊಟ್ಟಿದ್ದೇನೆಯೇ?"

ರೈತ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿದ. ಎದುರಿಗೆ ಗಾಜಿನ ಕಪಾಟಿತ್ತು, ಅದರ ಹಿಂದೆ ವ್ಯಾಪಾರಿಯ ಮುಖವಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿರುವುದು ಕಣ್ಣಿಗೆ ಬಿತ್ತು. ಅವಳು ಖಾನಾವಳಿ ನಡೆಸುವವಳು. ಅವಳ ಮುಂದೆ ಅಂಗಡಿಯ ಅತಿ ದೊಡ್ಡ ಯಂತ್ರ ಇತ್ತು.

ರೈತ ಎತ್ತಿದ ಕೈ ಇಳಿಸಿದ. "ತಾಯಿ, ಇದರಲ್ಲಿ ಏನು ಕೊಯ್ಯುತ್ತೀರಿ?" ಎಂದು ಕೇಳಿದ.

"ಒಲೆಗೆ ಸೌದೆ."

"ಹಾಗಾದರೆ ಇದು ಬೇಡ. ದಿನಾ ಎತ್ತಿದರೆ ನಿಮ್ಮ ರಟ್ಟೆ ಬೀಳುತ್ತದೆ. ಕೈ ಸೋತಾಗ ಇದು ಹಿಂದಕ್ಕೆ ಸಿಡಿದರೆ ಮುಖ ಉಳಿಯುವುದಿಲ್ಲ. ಹಗುರವಾದದ್ದು ಕೇಳಿ."

ಅವಳು ಹಗುರವಾದದ್ದನ್ನೇ ಕೊಂಡಳು. ರೈತ ಹೊರಗೆ ಬಂದು ಸುಟ್ಟ ಯಂತ್ರವನ್ನು ಮುಂದಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತ. ಅಂದಿನಿಂದ ಪ್ರತಿ ಸಂತೆಯ ದಿನ ಬಂದು ಕುಳಿತ. ಬಯ್ಯಲಿಲ್ಲ, ಕೂಗಲಿಲ್ಲ. ಬಂದವರನ್ನು ಏನು ಕೊಯ್ಯುತ್ತೀರಿ ಎಂದು ಕೇಳುತ್ತಿದ್ದ, ತನಗೆ ಗೊತ್ತಿದ್ದಷ್ಟು ಹೇಳುತ್ತಿದ್ದ. ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ಕನ ಬಳಿ ಕಳಿಸುತ್ತಿದ್ದ. ವ್ಯಾಪಾರಿ ಪೊಲೀಸರನ್ನು ಕರೆಸಿದ. ಪೇದೆ ಬಂದು ಎಲ್ಲ ಕೇಳಿ, ತನ್ನ ಮಾವನ ಮನೆಗೆ ಯಾವ ಯಂತ್ರ ಒಳ್ಳೆಯದೆಂದು ವಿಚಾರಿಸಿಕೊಂಡು ಹೋದ.

ಐದನೆಯ ಸಂತೆಯ ಹೊತ್ತಿಗೆ ಗಿರಾಕಿಗಳು ಮೊದಲು ರೈತನನ್ನು ಕೇಳಿಯೇ ಅಂಗಡಿಯೊಳಗೆ ಹೋಗುತ್ತಿದ್ದರು. ಅಂದು ವ್ಯಾಪಾರಿಯೇ ಹೊರಗೆ ಬಂದ. ತಪ್ಪಾಯಿತು ಎನ್ನಲಿಲ್ಲ. ಸೀಳುವ ದೊಡ್ಡ ಯಂತ್ರವನ್ನು ಗಾಡಿಗೆ ಹೇರಿಸಿ, ಮೆಕ್ಯಾನಿಕ್ಕನನ್ನೂ ಜೊತೆಗೆ ಕೂರಿಸಿ ಹಳ್ಳಕ್ಕೆ ಕಳಿಸಿದ. ಎರಡು ದಿನದಲ್ಲಿ ಹಲಗೆಗಳಾದವು. ಮಳೆ ಹೊಳವಾದಾಗ ಆಚೆಯವರೂ ಈಚೆಯವರೂ ಸೇರಿ ಸೇತುವೆ ಹಾಕಿದರು. ಹೆತ್ತವಳು ಮಗುವನ್ನು ಎತ್ತಿಕೊಂಡು ಕಾಲು ನೆನೆಯದೆ ತನ್ನ ಮನೆಗೆ ದಾಟಿದಳು.

ಮುಂದಿನ ಸಂತೆಗೂ ರೈತ ಅಂಗಡಿಗೆ ಹೋದ. ಒಳಗೆ ವ್ಯಾಪಾರಿ ಒಬ್ಬ ಗಿರಾಕಿಯನ್ನು ಏನು ಕೊಯ್ಯುತ್ತೀರಿ ಎಂದು ಕೇಳುತ್ತಿದ್ದ. ಗಿರಾಕಿಯ ಉತ್ತರವನ್ನು ಅವನು ಪೂರ್ತಿ ಕೇಳಿಸಿಕೊಳ್ಳುವವರೆಗೆ ರೈತ ಬಾಗಿಲಲ್ಲೇ ನಿಂತಿದ್ದು ಊರಿಗೆ ಮರಳಿದ.

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯ ಕೇಳಿದ: "ಕೊನೆಗಾದರೂ ಅವನ ಸಿಟ್ಟು ಇಳಿಯಿತೇ, ಗುರುಗಳೇ?"

"ಇಳಿಯಲಿಲ್ಲಪ್ಪ, ಕೆಲಸಕ್ಕೆ ಹತ್ತಿತು."